ಎರಡು ಸರ್ಕಾರಗಳ ನಡುವಿನ ಮೋರಿ

"ಅಲ್ಲೇ ನಿಂತ್ಕೊಳಮ್ಮ, ಒಳಗೆ ಬರ್ಬೇಡ. ಮೋರಿನೇ ಹೊತ್ಕೊಂಡ್ ಬಂದಂಗೆ ನಾರ್ತಾ ಇದೀಯ" ಎಂದು ಇಂಜಿನಿಯರ್ ಶಂಭುಲಿಂಗಪ್ಪ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡ.

ಹಾಲವ್ವ ಹೊಸ್ತಿಲ ಆಚೆಯೇ ನಿಂತಳು. ಅವಳು ನಾಯಂಡಹಳ್ಳಿಯ ಗೋಡೌನಿನಲ್ಲಿ ಗುಜರಿ ಪ್ಲಾಸ್ಟಿಕ್ ಆರಿಸುವವಳು. ಅರ್ಧ ದಿನದ ಕೆಲಸ ಬಿಟ್ಟು ಈ ಕಚೇರಿಗೆ ಬಂದದ್ದು ಇದು ಮೂರನೇ ಸಲ.

ಕೊಟ್ಟೂರು ಕಡೆಯಿಂದ ಬಂದವರ ಶೆಡ್ಡುಗಳ ಸಾಲಿಗೂ ರಸ್ತೆಗೂ ನಡುವೆ ಒಂದು ತೆರೆದ ಮೋರಿ. ನೀರಿಗೆ ಹೋಗಲಿ, ಕೂಲಿಗೆ ಹೋಗಲಿ, ಅದನ್ನು ಜಿಗಿದೇ ದಾಟಬೇಕು. ಹೋದ ತಿಂಗಳು ಅವಳ ತಂಗಿ ಗುರುದೇವಿ, ಏಳು ತಿಂಗಳ ಬಸುರಿ, ತುಂಬಿದ ಕೊಡದ ಸಮೇತ ಅದರೊಳಗೆ ಬಿದ್ದಳು. ಹಾಲವ್ವನೇ ಎದೆಮಟ್ಟದ ಕೊಚ್ಚೆಗಿಳಿದು ಎತ್ತಿದ್ದಳು. ಗುರುದೇವಿ ಉಳಿದಳು. ಕೂಸು ಉಳಿಯಲಿಲ್ಲ.

"ನಾಕು ಚಪ್ಪಡಿ ಹಾಕಿಸ್ರಿ ಸಾಹೇಬ್ರ. ಮತ್ತೇನೂ ಕೇಳಂಗಿಲ್ಲ."

"ಎಷ್ಟ್ ಸಲ ಹೇಳ್ಬೇಕಮ್ಮ? ಚರಂಡಿ ರಾಜ್ಯ ಸರ್ಕಾರದ್ದು, ಸರಿ. ಆದ್ರೆ ಅದಿರೋ ಜಾಗ ಕೇಂದ್ರದ್ದು. ಅವ್ರ್ ಬರ್ದು ಕೊಡ್ದೆ ನಾವೊಂದು ಕಲ್ಲೂ ಇಡೋಹಾಗಿಲ್ಲ. ಯಾವ್ದು ಯಾರ್ ಪವರ್ ಅಂತ ಸಂವಿಧಾನದಲ್ಲೇ ಪಟ್ಟಿ ಮಾಡಿಟ್ಟಿದಾರೆ."

"ಬಿದ್ದು ಸಾಯೋದು ಯಾರ ಪಟ್ಟ್ಯಾಗ ಐತ್ರಿ?"

"ತಲೆಹರಟೆ ಬೇಡ. ಹೋಗು."

ಮರುದಿನ ಅವಳು ಕೇಂದ್ರದವರ ಕಚೇರಿಯ ಗೇಟಿನಲ್ಲಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದಳು. ಅಲ್ಲಿನ ಸಾಹೇಬನಿಗೆ ಕನ್ನಡ ಬಾರದು. ಅವನು ಹಿಂದಿಯಲ್ಲಿ ಅಂದದ್ದನ್ನು ಗುಮಾಸ್ತೆ ಸೀತಾ ಕನ್ನಡಕ್ಕೆ ತಿರುಗಿಸಿದಳು.

"ಜಾಗ ನಮ್ದೇ. ಆದ್ರೆ ಚರಂಡಿ, ಜನರ ಆರೋಗ್ಯ, ಇವೆಲ್ಲ ರಾಜ್ಯದ ಜವಾಬ್ದಾರಿಯಂತೆ."

ಸಾಹೇಬ ಇನ್ನೇನೋ ಕೇಳಿದ. ಸೀತಾ ಹಾಲವ್ವನ ಮುಖ ನೋಡದೆ, "ನಿಮ್ಮನ್ನ ಅಲ್ಲಿ ಇರಿಸಿರೋದು ಯಾರು ಅಂತ ಕೇಳ್ತಿದಾರೆ. ಎಲ್ಲರ ಹೆಸರೂ ಬರೆಸ್ಬೇಕಂತೆ" ಅಂದಳು.

ಮೋರಿಯ ಉದ್ದಗಲ ಕೇಳದವನಿಗೆ ತಮ್ಮ ಹೆಸರುಗಳು ಯಾಕೆ ಬೇಕು? "ನಂಗ ಯಾರ ಹೆಸರೂ ಗೊತ್ತಿಲ್ರಿ" ಎಂದು ಹಾಲವ್ವ ಅಲ್ಲಿಂದ ಎದ್ದು ಬಂದಳು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡು ಜೀಪುಗಳು ಒಟ್ಟಿಗೇ ಬಂದು ನಿಂತವು. ಒಂದರಿಂದ ಶಂಭುಲಿಂಗಪ್ಪ, ಇನ್ನೊಂದರಿಂದ ಹಿಂದಿ ಸಾಹೇಬ ಇಳಿದರು.

"ಕೊನಿಗೂ ಬಂದ್ರು ನೋಡು" ಎಂದು ಹಾಲವ್ವನ ಗಂಡ ಕೊಟ್ರಪ್ಪ ಹಿಗ್ಗಿದ.

"ಚಪ್ಪಡಿ ಎಲ್ಲಿ? ಟೇಪ್ ಹಿಡ್ಕೊಂಡು ಬಂದಾರ" ಅಂದಳು ಹಾಲವ್ವ. ಅವಳ ಕಣ್ಣು ನಂಜುಂಡಪ್ಪನ ಮೇಲಿತ್ತು. ಶೆಡ್ಡುಗಳ ಪಕ್ಕದ ಹಳೇ ಹಳ್ಳಿಯ ಗೌಡರ ಮನೆಯವನು ಅವನು. ಜಾಗ ತನ್ನದೆಂದು ಹೇಳಿಕೊಂಡು ಶೆಡ್ಡುಗಳಿಂದ ಬಾಡಿಗೆ ಎತ್ತುತ್ತಿದ್ದವನು. ಈಗ ಇಬ್ಬರು ಅಧಿಕಾರಿಗಳ ಕೈಗೂ ಒಂದೊಂದು ಎಳನೀರು ಕೊಟ್ಟು ನಗುತ್ತಿದ್ದ.

ಹಾಲವ್ವ ಕೊಡ ತೊಳೆಯುವ ನೆಪದಲ್ಲಿ ಹತ್ತಿರ ಹೋದಳು.

"ಜಾಗ ಯಾರದು ಅಂತ ತೀರ್ಮಾನ ಆಗೋದ್ ನಿಧಾನಕ್ಕೇ ಆಗ್ಲಿ ಬಿಡಿ ಸಾರ್. ಈಗೇನ್ ಅರ್ಜೆಂಟು? ಅಲ್ಲೀತನಕ ನಾನು ನೋಡ್ಕೊತೀನಿ" ಎಂದು ನಂಜುಂಡಪ್ಪ ಶಂಭುಲಿಂಗಪ್ಪನಿಗೆ ಹೇಳುತ್ತಿದ್ದ.

ಜೀಪಿನಿಂದ ಚಪ್ಪಡಿ ಇಳಿಯಲಿಲ್ಲ. ಇಳಿದದ್ದು ಎರಡು ಬೋರ್ಡು. ಮಂಚದಷ್ಟು ಅಗಲದ ದಪ್ಪ ಕಬ್ಬಿಣದ ತಗಡುಗಳು. ಶೆಡ್ಡುಗಳ ಕಡೆಯ ದಂಡೆಯಲ್ಲಿ 'ಕೇಂದ್ರ ಸರ್ಕಾರದ ಸ್ವತ್ತು' ಎಂದೂ ರಸ್ತೆಯ ಕಡೆಯ ದಂಡೆಯಲ್ಲಿ 'ರಾಜ್ಯ ಸರ್ಕಾರದ ಸ್ವತ್ತು' ಎಂದೂ ನೆಟ್ಟರು. ಎರಡರ ಕೆಳಗೂ ಅತಿಕ್ರಮಿಸಿದವರಿಗೆ ಶಿಕ್ಷೆ ಎಂಬ ಒಂದೇ ಸಾಲು. ಇಬ್ಬರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು.

"ನಡುವಿನ ಮೋರಿ ಯಾರದ್ರಿ?" ಎಂದಳು ಹಾಲವ್ವ.

"ಫೈಲ್ ಓಡ್ತಾ ಇದೆ" ಎಂದು ಶಂಭುಲಿಂಗಪ್ಪ ಜೀಪು ಹತ್ತಿದ.

ಜೀಪುಗಳು ತಿರುಗಿದ ಮೇಲೆ ನಂಜುಂಡಪ್ಪ ಲುಂಗಿ ಎತ್ತಿ ಕಟ್ಟಿದ. "ಲೇ ಬೋಳಿಮುಂಡೆ, ಇನ್ನೊಂದ್ ಸಲ ಆಫೀಸು ಅಂತ ಅಲೆದ್ರೆ ನಿನ್ ಪಾತ್ರೆ ಪಡಗ ರೋಡಲ್ಲಿರುತ್ತೆ. ನಿನ್ ತಂಗಿ ಕಣ್ಣು ಕಾಣ್ದೆ ಬಿದ್ರೆ ಊರಿಗೆಲ್ಲ ಕೇಡಾ?"

ಕೊಟ್ರಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಶೆಡ್ಡಿನ ಒಳಗಿಂದ ಗುರುದೇವಿ ಹೊರಬಂದಳು. ಬಾಣಂತಿಯಂತೆ ಇನ್ನೂ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡೇ ಇದ್ದಳು, ಕೈಯಲ್ಲಿ ಕೊಟ್ರಪ್ಪನ ಹಾರೆ. ಯಾರನ್ನೂ ನೋಡದೆ ನೇರ ಹೋಗಿ ಕೇಂದ್ರದ ಬೋರ್ಡಿನ ಬುಡಕ್ಕೆ ಹಾರೆ ಹಾಕಿದಳು. ಸಿಮೆಂಟು ಇನ್ನೂ ಹಸಿಯಾಗಿತ್ತು.

"ಏಯ್, ಗೌರ್ಮೆಂಟ್ ಪ್ರಾಪರ್ಟಿ ಕಣೇ ಅದು" ಎಂದು ನಂಜುಂಡಪ್ಪ ಮುಂದೆ ಬಂದ. ಹಾಲವ್ವ ಅಡ್ಡ ನಿಂತಳು. ಅವಳ ಪಕ್ಕದಲ್ಲಿ ಆಚೆ ಶೆಡ್ಡಿನ ದಾನಮ್ಮ ನಿಂತಳು, ಅವಳ ಹಿಂದೆ ಉಳಿದ ಹೆಂಗಸರು. ನಂಜುಂಡಪ್ಪ ನಿಂತಲ್ಲೇ ಫೋನು ತೆಗೆದ. ಕೊಟ್ರಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಮೋರಿ ಜಿಗಿದು ಆಚೆಯ ಬೋರ್ಡಿನ ಕಂಬಕ್ಕೆ ಭುಜ ಕೊಟ್ಟ.

ಎರಡು ತಗಡುಗಳನ್ನೂ ಕೆಡವಿ, ಅಕ್ಷರ ಮೇಲಾಗುವಂತೆ ಮೋರಿಯ ಮೇಲೆ ಒತ್ತೊತ್ತಾಗಿ ಹಾಸಿದರು. ಹಾಲವ್ವ ಅವುಗಳ ಮೇಲೆ ಕಾಲಿಟ್ಟು ಒದ್ದು ನೋಡಿದಳು. ಅಲ್ಲಾಡಲಿಲ್ಲ.

ಕೂಸು ಸತ್ತು ತಿಂಗಳು ಕಳೆದರೂ ತಿರುಗಿ ನೋಡದ ಪೊಲೀಸರು ಅರ್ಧ ಗಂಟೆಯಲ್ಲಿ ಬಂದರು. ರಸ್ತೆಯ ದಂಡೆಯಲ್ಲಿ ನಿಂತು ಒಬ್ಬ ಪೇದೆ ಲಾಠಿ ತೋರಿಸಿದ. "ಯಾರೇ ಕಿತ್ತಿದ್ದು?"

ಗುರುದೇವಿ ಹಾರೆಯನ್ನು ಕೆಳಗಿಡಲಿಲ್ಲ.

"ನಾನು. ಬರ್ರಿ ಸಾಹೇಬ್ರ, ಹಿಡ್ಕೊಂಡ್ ಹೋಗ್ರಿ. ಈಗ ದಾಟಾಕ ಬರ್ತೈತಿ."

'ಅತಿಕ್ರಮಿಸಿದವರಿಗೆ ಶಿಕ್ಷೆ' ಎಂದಿದ್ದ ತಗಡಿನ ಮುಂದೆ ಬೂಟು ಎತ್ತಿದ ಪೇದೆ ಕಾಲಿಡದೆ ಹಾಗೇ ನಿಂತ.