ಅಡಿಪಟ್ಟಿಯ ಅಡಿ

"ಕಾಲೆತ್ತಿ! ಒಬ್ಬೊಬ್ಬರಾಗಿ ಬಂದು ಕಾಲೆತ್ತಿ ತೋರ್ಸಿ. ರಕ್ತ ಏನು ಸೂರಿಂದ ಸೋರ್ತಾ?"

ಕಾರ್ಪೆಟ್ ಅಂಗಡಿಯ ಯಜಮಾನರ ಕೂಗು ಹಿಂದಿನ ಕೋಣೆಗೂ ಮುಟ್ಟಿತು. ಅಲ್ಲಿ ಅಂಚು ಹೊಲಿಯುತ್ತ ಕೂತಿದ್ದ ಹೆಂಗಸು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಎದ್ದು ಬಂದಳು. ಹೋಟೆಲಿನವರಿಗೆಂದು ಬೆಳಿಗ್ಗೆ ಹಾಸಿದ್ದ ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಗೋಲಿಯಷ್ಟಗಲದ ಕಡುಗೆಂಪು ಚುಕ್ಕೆಗಳು. ಕ್ಯಾಷಿಯರು, ಇಬ್ಬರು ಸೇಲ್ಸ್‌ಮನ್‌ಗಳು, ಡೆಲಿವರಿ ಡ್ರೈವರ್ರು, ಎಲ್ಲರೂ ಗೋಡೆ ಹಿಡಿದು ಕೊಕ್ಕರೆಗಳ ಹಾಗೆ ಒಂಟಿಕಾಲಲ್ಲಿ ನಿಂತಿದ್ದರು. ಅವರ ಪಾದಗಳನ್ನು ಬಗ್ಗಿ ಬಗ್ಗಿ ಪರೀಕ್ಷೆ ಮಾಡುತ್ತಿದ್ದವನು ಅವಳ ಅಣ್ಣ.

"ಏ ಕ್ಯಾಷಿಯರಪ್ಪಾ, ಇದೇನಯ್ಯಾ ಹಿಮ್ಮಡಿ, ಮೊಸಳೆ ಬೆನ್ನಾಗಿದೆ! ಒಂಚೂರು ಎಣ್ಣೆ ಹಚ್ಚಬಾರದಾ?"

ಅಂಗಡಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಅಡಿಪಟ್ಟಿ ಎಂದರೆ ಸಾಕು. ಅವನ ಪಾದ ಕರಾರುವಾಕ್ಕಾಗಿ ಹನ್ನೆರಡು ಇಂಚು. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಕಾರ್ಪೆಟ್ಟಿನುದ್ದಕ್ಕೂ ನಡೆದು "ಹದಿನೆಂಟೂವರೆ ಅಡಿ" ಎಂದನೆಂದರೆ ಮುಗಿಯಿತು. ಗಿರಾಕಿಗಳು ಟೇಪು ತಂದು ಅಳೆದು, ಬಾಯಿ ಬಿಟ್ಟು ನೋಡಿ, ಅದೇ ಖುಷಿಗೆ ಇನ್ನೊಂದು ಕಾರ್ಪೆಟ್ಟು ಕೊಂಡಿದ್ದೂ ಉಂಟು. ಇಪ್ಪತ್ತಾರು ವರ್ಷದಿಂದ ಇದೇ ಆಟ. ಅಂಗಡಿಯೊಳಗೆ ಯಾರೂ ಚಪ್ಪಲಿ ಮೆಟ್ಟುವ ಹಾಗಿಲ್ಲ. ಯಜಮಾನರೂ ಬರಿಗಾಲು.

ತಂಗಿ ಚುಕ್ಕೆಗಳನ್ನು ನೋಡಿದಳು. ಎರಡಡಿಗೊಂದು. ಅಲ್ಲಿಂದ ಸರಿಯಾಗಿ ಎರಡಡಿಗೆ ಇನ್ನೊಂದು. ಅಳತೆ ಹಿಡಿದು ಇಟ್ಟ ಹಾಗೆ ಯಾರ ರಕ್ತವೂ ತಾನಾಗಿ ಬೀಳುವುದಿಲ್ಲ. ಬಲಗಾಲು ಊರಿದಲ್ಲೆಲ್ಲ ಬಿದ್ದಿದೆ, ಎಡಗಾಲಿನ ಜಾಗ ಖಾಲಿ. ಕೋಪ ಸರ್ರನೆ ಅವಳ ನೆತ್ತಿಗೇರಿತು. ಅಣ್ಣ ಕ್ಯಾಷಿಯರನನ್ನು ಬಿಟ್ಟು ಡ್ರೈವರನ ಹತ್ತಿರ ಹೋದ. ಹೋದ ದಾರಿಯಲ್ಲಿ ಇನ್ನೂ ಮೂರು ಹೊಸ ಚುಕ್ಕೆ.

"ಅಣ್ಣಾ, ಅಲ್ಲೇ ನಿಂತ್ಕೋ."

"ಇರೇ ಪುಟ್ಟೀ, ಕಳ್ಳ ಸಿಗ್ಲಿ."

"ಕಳ್ಳ ಸಿಕ್ಕಿದಾನೆ. ಕೂತ್ಕೋ. ಕಾಲೆತ್ತು."

ಸುರುಳಿ ಸುತ್ತಿಟ್ಟಿದ್ದ ಒಂದು ಕಾರ್ಪೆಟ್ಟಿನ ಮೇಲೆ ಅವನನ್ನು ಕೂರಿಸಿ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನ ಬುಡದ ಗಟ್ಟಿ ಚರ್ಮದಲ್ಲಿ ಒಂದು ಸ್ಟೇಪ್ಲರ್ ಪಿನ್ನು ನಾಟಿತ್ತು. ಸುತ್ತಲ ಚರ್ಮ ಬಿಳಿಚಿ ಮೆತ್ತಗಾಗಿತ್ತು. ಅಂಚು ಕಪ್ಪಗೆ. ಮೂಗಿಗೆ ಸಣ್ಣಗೆ ಕೆಟ್ಟ ವಾಸನೆ ಹೊಡೆಯಿತು. ಇವತ್ತಿನದಲ್ಲ ಇದು, ನಿನ್ನೆಯದೂ ಅಲ್ಲ.

"ಅಯ್ಯೋ, ನಂದಾ?" ಅಣ್ಣ ನಿಜವಾಗಿ ಆಶ್ಚರ್ಯಪಟ್ಟ. "ನೋವೇ ಇಲ್ವಲ್ಲೇ! ಇಷ್ಟಕ್ಕೆಲ್ಲ ಮುಖ ಯಾಕೆ ಹಾಗೆ ಮಾಡ್ತೀಯ?"

"ದಿನಾ ಕೇಳ್ತೀನಲ್ಲ ಕಾಲು ನೋಡ್ಕೊಂಡ್ಯಾ ಅಂತ? ಏನಂತೀಯ?"

"ನೋಡ್ಕೋತೀನಿ. ಮೇಲಿಂದ."

"ಮೇಲಿಂದ! ಗಾಯ ನಿನಗೆ ಸಲಾಂ ಹೊಡ್ಕೊಂಡು ಪಾದದ ಮೇಲೆ ಹತ್ತಿ ಬರುತ್ತಾ?"

ಡ್ರೈವರ ಕಿಸಕ್ಕನೆ ನಕ್ಕ, ಅವಳ ಮುಖ ನೋಡಿ ನುಂಗಿಕೊಂಡ. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಒಂದೇ ಮನೆ, ಒಂದೇ ಒಲೆ. ದಿನಾ ಬಾಯಲ್ಲಿ ಕೇಳಿದಳೇ ಹೊರತು ಒಂದು ದಿನ ಆ ಕಾಲನ್ನು ಹೀಗೆ ತಿರುಗಿಸಿ ನೋಡಿದ್ದಳೇ? ಅಮ್ಮನದೂ ಹೀಗೇ, ಒಂದು ಬೆರಳಿನಿಂದ ಶುರುವಾದದ್ದು. ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ಕತ್ತರಿಸಿದರು. ಅಮ್ಮನೂ ಕೊನೆಯವರೆಗೆ ನೋವಿಲ್ಲ ನೋವಿಲ್ಲ ಅನ್ನುತ್ತಲೇ ಇದ್ದಳು.

"ಸರಿ, ಪಿನ್ನು ಕಿತ್ತು ಬಿಸಾಕಿ. ಕಲೆ ಹೇಗೆ ತೆಗೆಯೋದು ನೋಡಿ ಮೊದ್ಲು," ಎಂದರು ಯಜಮಾನರು. "ಸಂಜೆ ಹೋಟೆಲಿನವರು ಬರ್ತಾರೆ."

"ಕಲೆ! ಯಜಮಾನ್ರೇ, ಶುಗರಿಂದ ಇವನ ಕಾಲಿಗೆ ಸ್ಪರ್ಶ ಇಲ್ಲ. ಬರಿಗಾಲಲ್ಲಿ ಮನೆಯೊಳಗೂ ಓಡಾಡಬೇಡ ಅಂತ ಕ್ಲಿನಿಕ್ಕಿನ ನರ್ಸಮ್ಮ ನಾಲ್ಕು ತಿಂಗಳ ಹಿಂದೇನೇ ಹೇಳಿದ್ರು. ಶೂ ಹಾಕ್ಕೊಳ್ಳೋಕೆ ಬಿಡಿ ಅಂತ ನಿಮ್ಮನ್ನ ಕೇಳಿದ. ನೀವು ಆಗಲ್ಲ ಅಂದ್ರಿ. ಅನ್ನ ಕೊಡೋರು ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

"ನನ್ನನ್ನ ಕೇಳಿದ್ನಾ? ಯಾವಾಗ?"

ಅವಳು ಅಣ್ಣನ ಕಡೆ ತಿರುಗಿದಳು. ಅಣ್ಣ ಕಾರ್ಪೆಟ್ಟಿನ ನೂಲು ಎಣಿಸುತ್ತಿದ್ದ.

"ಕೇಳೇ ಇಲ್ವಾ ನೀನು?"

"ಹೇಗೆ ಕೇಳ್ಲೇ? ಶೂ ಹಾಕ್ಕೊಂಡು ಹೇಗೆ ಅಳೀಲಿ? ಹನ್ನೆರಡು ಹೋಗಿ ಹದಿಮೂರಾಗುತ್ತೆ."

ನಾಲ್ಕು ತಿಂಗಳು ಅವಳು ಮನಸ್ಸಿನಲ್ಲೇ ಯಜಮಾನರಿಗೆ ಹಾಕಿದ ಶಾಪವೆಲ್ಲ ಈಗ ಎಲ್ಲಿ ಇಳಿಸಬೇಕೆಂದು ತಿಳಿಯದೆ ನಾಲಿಗೆ ತುದಿಯಲ್ಲಿ ನಿಂತಿತು. ಆದರೆ ಬಹಳ ಹೊತ್ತು ನಿಲ್ಲಲಿಲ್ಲ.

"ಅವನು ಕೇಳಿದ್ದಿದ್ರೆ ಬಿಡ್ತಿದ್ರಾ, ಯಜಮಾನ್ರೇ? ಎದೆ ಮುಟ್ಕೊಂಡು ಹೇಳಿ."

ಯಜಮಾನರು ಎದೆ ಮುಟ್ಟದೆಯೇ ಗೊಣಗಿದರು. "ಶುಗರ್ ನನಗೂ ಇದೆ ಕಣಮ್ಮಾ, ಒಂಬತ್ತು ವರ್ಷದಿಂದ. ನಾನೇನು ಹೀಗೆ ಕುಣೀತೀನಾ? ಸ್ಪರ್ಶ ಇಲ್ಲ ಅಂದ್ರೆ ಅಳತೆ ಹೇಗೆ ಹಾಕ್ತಾನೆ? ಅವನ ಕಾಲು ನನ್ನ ಟೇಪು."

"ಹೌದೌದು," ಅಣ್ಣನೂ ಸೇರಿಕೊಂಡ. "ಎಲ್ಲ ಗೊತ್ತಾಗುತ್ತೆ ನನಗೆ. ಇವಳಿಗೆ ಗಾಬರಿ ಜಾಸ್ತಿ."

"ಗೊತ್ತಾಗುತ್ತಾ? ಇರು."

ಅವಳು ಹಿಂದಿನ ಕೋಣೆಗೆ ಹೋಗಿ ಅಂಚು ಹೊಲಿಯುವ ದಪ್ಪ ನೈಲಾನ್ ದಾರದಲ್ಲಿ ಒಂದು ಗೇಣು ಕತ್ತರಿಸಿ ತಂದಳು. ಕ್ಲಿನಿಕ್ಕಿನಲ್ಲಿ ಪಾದದ ಸ್ಪರ್ಶ ಪರೀಕ್ಷಿಸುವಾಗ ನರ್ಸಮ್ಮನ ಕೈಯಲ್ಲಿದ್ದದ್ದು ಇಂಥದ್ದೇ ಒಂದು ಎಳೆ. ಗಾಯವಾಗದ ಎಡಗಾಲನ್ನು ಎಳೆದುಕೊಂಡಳು.

"ಕಣ್ಣು ಮುಚ್ಚು. ಮುಟ್ಟಿದಾಗೆಲ್ಲ ಹೂಂ ಅನ್ನು."

ಪಾದದ ನಡುವೆ ದಾರ ಒತ್ತಿದಳು. ದಾರ ಬಿಲ್ಲಿನ ಹಾಗೆ ಬಾಗಿತು.

"ಹೂಂ."

ಹಿಮ್ಮಡಿಗೆ ಒತ್ತಿದಳು. ಕೊಂಚ ತಡವಾಗಿ, "ಹೂಂ."

ಆಮೇಲೆ ಅವಳು ದಾರವನ್ನು ತನ್ನ ಮಡಿಲಲ್ಲಿಟ್ಟು ಎರಡೂ ಕೈ ಕಟ್ಟಿ ಕೂತಳು.

"ಹೂಂ," ಎಂದ ಅಣ್ಣ. ಒಂದು ಉಸಿರು ಬಿಟ್ಟು, "ಹೂಂ." ಮತ್ತೊಂದು ಉಸಿರು. "ಹೂಂ."

ಅಳತೆ ಹಾಕುವಾಗ ಒಂದಡಿ, ಎರಡಡಿ ಎನ್ನುತ್ತಾನಲ್ಲ, ಅದೇ ಲಯ. ಕ್ಯಾಷಿಯರು ತಲೆ ತಗ್ಗಿಸಿದ. ಯಜಮಾನರು ಒಂದು ಹೆಜ್ಜೆ ಮುಂದೆ ಬಂದು ಅವಳ ಕಟ್ಟಿದ ಕೈಗಳನ್ನು ನೋಡಿದರು, ಮಡಿಲಲ್ಲಿದ್ದ ದಾರವನ್ನು ನೋಡಿದರು. ಅಣ್ಣ ಇನ್ನೂ ಎರಡು ಸಲ ಹೂಂ ಎಂದು ಕಣ್ಣು ಬಿಟ್ಟ.

"ಎಷ್ಟಕ್ಕೆ ಎಷ್ಟು ಬಂತು?"

"ಎರಡು ಸಲ ಮುಟ್ಟಿದೆ. ಏಳು ಸಲ ಹೂಂ ಅಂದೆ."

ಅಣ್ಣ ತನ್ನ ಪಾದವನ್ನು, ಯಾರದ್ದೋ ಮನೆಯ ಸಾಮಾನನ್ನು ನೋಡುವ ಹಾಗೆ ನೋಡಿದ. ಆಮೇಲೆ ಅವನ ಮುಖ ಕೆಂಪೇರಿತು.

"ಎಲ್ಲರೆದುರು ನನ್ನ ಮಾನ ತೆಗೆದೆಯಲ್ಲೇ! ಇಪ್ಪತ್ತಾರು ವರ್ಷ ಈ ಕಾಲಲ್ಲಿ ಅನ್ನ ತಿಂದಿದೀನಿ, ನಿನಗೂ ಇಲ್ಲಿ ಕೆಲಸ ಕೊಡ್ಸಿದೀನಿ. ನಾಳೆ ಇವರು ಬರಬೇಡ ಅಂದ್ರೆ?"

"ಮಾನ ಕಾಲಲ್ಲಿದೆ ಅಂದ್ರೆ ಆ ಕಾಲನ್ನಾದ್ರೂ ಉಳಿಸ್ಕೊಳ್ಳೋ! ಅಮ್ಮನ ಚಪ್ಪಲಿ ನೆನಪಿದ್ಯಾ? ಹೊಸ ಜೋಡಿ ತಂದು, ಎಡಗಡೇದನ್ನ ನೀನೇ ಅಲ್ವಾ ಅಳ್ತಾ ಅಟ್ಟದ ಮೇಲಿಟ್ಟಿದ್ದು?"

ಅಣ್ಣ ತಾನಾಗಿಯೇ ಬಲಗಾಲನ್ನು ಅವಳ ಕಡೆ ಚಾಚಿದ. ಅವಳು ಗಾಯಕ್ಕೆ ಒಗೆದ ಬಟ್ಟೆ ಸುತ್ತಿದಳು. ಪಿನ್ನನ್ನು ಕೀಳಲಿಲ್ಲ, ಅದು ಕ್ಲಿನಿಕ್ಕಿನವರ ಕೆಲಸ. ಅಂಗಡಿಯ ಹೊರಗಿನ ಕಪಾಟಿನಲ್ಲಿ ಅವನ ಅಳತೆಗೇ ಮಾಡಿಸಿದ ಮೆತ್ತನೆಯ ಶೂಗಳಿದ್ದವು. ದಿನವೂ ಮನೆಯಿಂದ ಇಲ್ಲಿಗೆ ನಡೆದು ಬಂದು, ಕೆಲಸದ ಹೊತ್ತೆಲ್ಲ ಕಪಾಟಿನಲ್ಲಿ ತೂಕಡಿಸುವ ಶೂಗಳು. ಅವಳು ಹೊರಗೆ ಹೋಗಿ ತನ್ನ ಚಪ್ಪಲಿ ಮೆಟ್ಟಿಕೊಂಡು, ಅವನ ಶೂ ಹಿಡಿದು, ನೇರ ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆಯೇ ಬಂದಳು.

"ಚಪ್ಪಲಿ! ಚಪ್ಪಲಿ!" ಯಜಮಾನರು ಚೀರಿದರು. "ನಮ್ಮಪ್ಪನ ಕಾಲದಿಂದ ಇಲ್ಲಿ ಯಾರೂ..."

"ಪಿನ್ನು ಎಲ್ಲಿಂದ ಬಂತು ಗೊತ್ತಾ, ಯಜಮಾನ್ರೇ? ಗಿರಾಕಿ ಮುಂದೆ ಬೆಲೆಚೀಟಿ ಚರ್ರಂತ ಕಿತ್ತು ಎಸೀತೀರಲ್ಲ, ಅದರದ್ದು. ಚೀಟಿ ಕಸದಬುಟ್ಟಿಗೆ, ಪಿನ್ನು ಕಾರ್ಪೆಟ್ಟಿಗೆ."

ಬಿದ್ದ ಸೂಜಿ ಹುಡುಕಲು ಸದಾ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದ ಸೂಜಿಗಲ್ಲನ್ನು ಬಿಚ್ಚಿ ಅವರ ಕೈಗೆ ತುರುಕಿದಳು. "ನೀವೇ ಎಳೆದು ನೋಡಿ."

ಆಮೇಲೆ ಮಂಡಿಯೂರಿ ಅಣ್ಣನ ಶೂಗಳನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಹಾಕಿ ಮೂಲೆಮೂಲೆ ತಡವಿ, ಎಡಗಾಲಿನದನ್ನು ತೊಡಿಸಿದಳು. ಬಲಗಾಲಿನದನ್ನು ಕಂಕುಳಲ್ಲಿಟ್ಟುಕೊಂಡಳು. ಡ್ರೈವರ ಹೇಳಿಸಿಕೊಳ್ಳದೆಯೇ ಗಾಡಿಯನ್ನು ಬಾಗಿಲಿಗೆ ತಂದ. ಸೇಲ್ಸ್‌ಮನ್‌ಗಳಿಬ್ಬರೂ ಅಡಿಪಟ್ಟಿಯ ಎರಡು ರಟ್ಟೆಗೆ ಹೆಗಲು ಕೊಟ್ಟರು.

"ನಾಳೆಯಿಂದ ಅಳತೆಗೆ ಟೇಪು ತಗೊಳ್ಳಿ," ಬಾಗಿಲಲ್ಲಿ ನಿಂತು ಅವಳೆಂದಳು. "ಗಾಯ ಮಾಗಿದ ಮೇಲೆ ಇವನು ಶೂ ಹಾಕ್ಕೊಂಡೇ ಕೆಲಸಕ್ಕೆ ಬರ್ತಾನೆ. ಬರಬೇಡ ಅಂದ್ರೆ ನಾನೂ ಬರಲ್ಲ. ಹೋಟೆಲಿನವರದ್ದು ಇನ್ನೂ ಇಪ್ಪತ್ತೆಂಟು ಕಾರ್ಪೆಟ್ಟಿನ ಅಂಚು ಬಾಕಿ ಇದೆ. ಕೂತು ಹೊಲ್ಕೊಳ್ಳಿ."

"ಏನು ಬಾಯಿ ಇವಳದ್ದು," ಎಂದ ಅಣ್ಣ ಹೆಗಲುಗಳ ನಡುವಿನಿಂದ, ಯಾರಿಗೋ ದೂರು ಹೇಳುವ ಹಾಗೆ.

"ನಿನ್ನ ಕಾಲಿನ ಬದಲು ನನ್ನ ಬಾಯಿ ನೋಡ್ಕೋತಾ ಕೂತಿದ್ರೆ ಹೀಗೇ ಆಗೋದು. ನಡಿ. ಬಲಗಾಲು ನೆಲಕ್ಕೆ ತಾಗಿಸ್ಬೇಡ."

ಅಂಗಡಿಯೊಳಗಿಂದ ಟಿಕ್ ಎಂದು ಸಣ್ಣ ಸದ್ದೊಂದು ಕೇಳಿತು. ಇನ್ನೊಂದು ಟಿಕ್. ಆಮೇಲೆ ಮೂರ್ನಾಲ್ಕು ಒಟ್ಟಿಗೆ. ಗಾಡಿ ಹತ್ತುವ ಮುನ್ನ ಅವಳು ತಿರುಗಿ ನೋಡಿದಳು. ಸೂಜಿಗಲ್ಲಿನ ಮೈತುಂಬ ಪಿನ್ನುಗಳು ನಿಮಿರಿ ನಿಂತಿದ್ದವು. ಯಜಮಾನರು ಅದನ್ನು ಹಿಡಿದು ಕಾರ್ಪೆಟ್ಟಿನ ನಟ್ಟನಡುವೆ ಬರಿಗಾಲಲ್ಲಿ, ಪ್ಯಾಂಟು ಮೇಲೆತ್ತಿಕೊಂಡು, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ತೋಚದೆ ನಿಂತುಬಿಟ್ಟಿದ್ದರು.