ಮುಚ್ಚಿ ಹೋಗುವವರು

“ಎಲ್ಲಿಗೇ ಕೈ ಹಾಕ್ತೀಯ, ಹಾದರಗಿತ್ತಿ! ನನ್ನೆದೇಲಿ ಬಾಂಬ್ ಇದ್ಯಾ? ನೋಡು, ಸರಿಯಾಗ್ ನೋಡು! ನಿಮ್ಮಣ್ಣ ಸತ್ತಮೇಲೆ ಇಲ್ಲಿ ಕೈ ಇಟ್ಟೋಳು ನೀನೊಬ್ಳೇ!”

ಗೇಟಿನ ಮುಂದೆ ಸಾಲುಗಟ್ಟಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ತಡಕವ್ವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅತ್ತಿಗೆಯ ಕಂಕುಳು, ಸೊಂಟ, ತೊಡೆ, ತುರುಬು ಎಲ್ಲವನ್ನೂ ತಡಕಿ, ತಲೆ ತಗ್ಗಿಸಿಕೊಂಡೇ ಹೇಳಿದಳು.

“ಏನೂ ಇಲ್ಲ. ಆದ್ರೂ ಒಳಗ್ ಬಿಡಲ್ಲ ಅತ್ತಿಗೆ. ಇವತ್ತು ಕೂಲಿಯೋರಿಗಷ್ಟೇ. ದಂಡಿನೋರು ಊರು ಬಿಟ್ಟು ಹೊರಟಿದ್ದಾರೆ.”

“ಬಿಡಲ್ಲ ಅಂದ್ಮೇಲೆ ಯಾಕೇ ತಡಕ್ದೆ?”

“ತಡಕೋದು ನನ್ ಕೆಲ್ಸ.”

ಅತ್ತಿಗೆ ಕ್ಯಾಕರಿಸಿ ಉಗಿದಳು. ಉಗುಳು ತಡಕವ್ವನ ಕೊರಳ ಮೇಲೆ ಬಿತ್ತು. ಕಾವಲಿನ ಸಿಪಾಯಿ ಬಂದೂಕಿನ ಹಿಂಬದಿಯಿಂದ ಮುದುಕಿಯ ಭುಜಕ್ಕೆ ತಿವಿದು ಆಚೆ ನೂಕಿದ. ಅವಳು ದಿನಾ ಕೂರುವ ಜಾಗದಲ್ಲೇ, ಗೋಡೆಯ ಬುಡದಲ್ಲಿ, ಹೋಗಿ ಕೂತಳು. ಅಲ್ಲಿ ಅವಳಂಥವರು ಇನ್ನೂ ಹಲವರಿದ್ದರು. ಒಬ್ಬಳಿಗೆ ಈ ಗೇಟಿನೊಳಗೆ ಹೋಗಿ ಹೊರಬಾರದ ಗಂಡ ಬೇಕಿತ್ತು, ಒಬ್ಬಳಿಗೆ ತಮ್ಮ, ಉಳಿದವರಿಗೆಲ್ಲ ಮಗ.

ಹೊರದೇಶದ ದಂಡು ಬಂದು ಊರ ಶಾಲೆಯನ್ನೇ ಠಾಣ್ಯ ಮಾಡಿಕೊಂಡಾಗ, ಹೆಂಗಸರ ಮೈ ತಡಕಲು ಊರಿನ ಹೆಂಗಸೊಬ್ಬಳು ಬೇಕಾದಳು. ಕಲ್ಲುಗಣಿ ಮುಚ್ಚಿತ್ತು. ಗಣಿಯ ಧೂಳು ಕುಡಿದು ಕುಡಿದು ಗಂಡ ರಕ್ತ ಕಾರುತ್ತಿದ್ದ. ಕಲ್ಲು ಹೊರುತ್ತಿದ್ದವಳು ಗೇಟಿಗೆ ಬಂದು ನಿಂತಳು. ಗಂಡ ಉಳಿಯಲಿಲ್ಲ, ಕೆಲಸ ಉಳಿಯಿತು. ಅಪ್ಪ ಅವ್ವ ಇಟ್ಟಿದ್ದ ಹೆಸರು ಊರಿಗೇ ಮರೆತು, ಅವಳು ತಡಕವ್ವ ಆದಳು. ಅಂಗಡಿಯಲ್ಲಿ ಅವಳು ಮುಟ್ಟಿದ ಸಾಮಾನನ್ನು ಬೇರೆ ಹೆಂಗಸರು ಕೊಳ್ಳುತ್ತಿರಲಿಲ್ಲ.

ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಗಂಟಲಲ್ಲಿ ನಿಂತದ್ದು ಒಂದೇ. ರಸ್ತೆಯಲ್ಲಿ ಸಿಪಾಯಿಗಳ ಲಾರಿ ಸಿಡಿದ ಮಾರನೇ ದಿನ, ಗಣಿಕೇರಿಯ ಗಂಡಸರನ್ನು ಕುರಿ ಅಟ್ಟಿದಂತೆ ಇದೇ ಗೇಟಿನೊಳಗೆ ಅಟ್ಟಿದ್ದರು. ಅವರಲ್ಲಿ ಅವಳ ಅಣ್ಣನ ಮಗನೂ ಇದ್ದ. ತುಟಿ ಒಡೆದು ಊದಿಕೊಂಡಿತ್ತು. “ಅತ್ತೇ, ನಾನಲ್ಲ ಅಂತ ಹೇಳತ್ತೇ!” ಎಂದು ಕೂಗಿದ್ದ. ತಡಕವ್ವ ಅತ್ತ ಕಣ್ಣೆತ್ತದೆ, ಸಾಲಿನಲ್ಲಿದ್ದ ಮುಂದಿನ ಹೆಂಗಸಿನ ಮೈ ತಡಕಿದ್ದಳು.

ಈಗ ಅಂಗಳದಲ್ಲಿ ಲಾರಿಗಳು ತುಂಬುತ್ತಿದ್ದವು. ಮಂಚ, ಗಾಜಿನ ಕಿಟಕಿ, ಅಧಿಕಾರಿಯ ಸ್ನಾನದ ತೊಟ್ಟಿ, ಕಡೆಗೆ ಪಾಯಿಖಾನೆಯ ಬಾಗಿಲು ಕೂಡ ಹೊರಟಿತ್ತು. ದುಭಾಷಿ ಹೊಸ ಬೂಟು ಹಾಕಿಕೊಂಡು ಓಡಿಬಂದ. ಊರಿನವನೇ, ಜನ ಅವನನ್ನು ಎರಡುನಾಲಿಗೆ ಎನ್ನುತ್ತಿದ್ದರು.

“ಲಾರೀಲಿ ನಿಂಗೂ ಜಾಗ ಕೊಟ್ಟಿದ್ದಾರೆ ತಡಕವ್ವ! ಇಲ್ಲೇ ಬಿಟ್ಟೋದ್ರೆ ಜನ ನಮ್ಮಿಬ್ರನ್ನೂ ಹರ್ಕೊಂಡ್ ತಿಂತಾರೆ ಅಂತ ಅವ್ರಿಗೂ ಗೊತ್ತು. ಜವಾಬ್ದಾರಿಯಿಂದ ಹೊರಡ್ತಿದ್ದೀವಿ ಅಂತ ಅಧಿಕಾರಿ ಭಾಷಣಾನೇ ಬಿಗಿದ. ಹಿತ್ತಲ ಕೆಲ್ಸ ಒಂದ್ ಮುಗೀಲಿ, ಹೊರಟ್ವಿ.”

“ಹಿತ್ತಲಲ್ಲೇನು?”

“ನೆಲಕ್ಕೆ ಕಾಂಕ್ರೀಟು. ಬಂದಾಗ ಹೆಂಗಿತ್ತೋ ಹಂಗೇ ಚೊಕ್ಕ ಮಾಡಿ ಒಪ್ಪಿಸ್ಬೇಕಂತೆ.”

“ಬಂದಾಗ ಅಲ್ಲಿ ಹುಲ್ಲಿತ್ತು. ಮಕ್ಳು ಚೆಂಡಾಡ್ತಿದ್ವು.”

ದುಭಾಷಿ ಆ ಮಾತನ್ನು ಯಾವ ಭಾಷೆಗೂ ದಾಟಿಸಲಿಲ್ಲ.

ಕೂಲಿ ಹೆಂಗಸರನ್ನು ತಡಕಿ, ಅವರ ಹಿಂದೆಯೇ ಕಾವಲಿಗೆಂದು ಅವಳೂ ಹಿತ್ತಲಿಗೆ ಹೋದಳು. ಶಾಲೆಯ ಕೊನೆಯ ಕೋಣೆಗಳಿಗೆ ಕಬ್ಬಿಣದ ಬಾಗಿಲಿತ್ತು; ಅದರ ಹಿಂದಿನ ನೆಲ ಅಲ್ಲಲ್ಲಿ ಉಬ್ಬಿಕೊಂಡಿತ್ತು. ಕಾಂಕ್ರೀಟಿನ ಗಾಡಿ ಆಗಲೇ ಗಡಗಡ ತಿರುಗುತ್ತಿತ್ತು. ಉಬ್ಬು ಕಡಿದು ಮಟ್ಟ ಮಾಡುತ್ತಿದ್ದವಳೊಬ್ಬಳ ಗುದ್ದಲಿ ಸಿಕ್ಕಿಕೊಂಡಿತು. ಎಳೆದಳು. ಬಟ್ಟೆ ಬಂತು. ಇನ್ನೊಮ್ಮೆ ಎಳೆದಳು. ಬಟ್ಟೆಯೊಳಗಿನಿಂದ ಮೊಣಕೈಯ ಮೂಳೆ ಬಂತು.

“ಅಯ್ಯಯ್ಯೋ ಅಕ್ಕಾ...” ಎಂದವಳು ಗುದ್ದಲಿ ಬಿಟ್ಟು ಕುಕ್ಕರಿಸಿದಳು.

ಅಧಿಕಾರಿ ಬಂದ, ನೋಡಿದ, ಕೈಗಡಿಯಾರ ನೋಡಿದ, ಎರಡು ಮಾತು ಹೇಳಿ ತಿರುಗಿಕೊಂಡ. ದುಭಾಷಿ ತನ್ನ ಬೂಟು ನೋಡುತ್ತ ಹೇಳಿದ. “ಹಳೇ ಸ್ಮಶಾನ ಇರ್ಬೇಕು ಅಂತಾರೆ. ಮಣ್ಣೆಳೀರಿ. ಸುರೀರಿ.”

ಅಧಿಕಾರಿಯ ಪಕ್ಕದಲ್ಲಿ, ಊರನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ನಮ್ಮದೇ ಸರ್ಕಾರದ ಸಾಹೇಬನಿದ್ದ. ಕಲ್ಲುಗಣಿಯ ಧಣಿಯ ಅಳಿಯ. ಮೂಗಿಗೆ ಕರವಸ್ತ್ರ ಹಿಡಿದೇ ಅವನು ಕೂಲಿಯವರ ಮೇಲೆ ರೇಗಿದ.

“ಏನ್ ಬಾಯ್ ಬಿಟ್ಕೊಂಡ್ ನೋಡ್ತೀರಿ, ಮುಂಡೇವಾ? ಮುಚ್ರಿ! ಇಡೀ ದೇಶ ಬಡ್ಕೋತಾ ಇದೆ, ಇವ್ರು ತೊಲಗ್ಲಿ, ತೊಲಗ್ಲಿ ಅಂತ. ಇವತ್ತು ಹೊಲಸು ಕೆದಕಿದ್ರೆ ವಿಚಾರಣೆ ಅಂತಾರೆ, ಇನ್ನೊಂದ್ ವರ್ಷ ಇಲ್ಲೇ ಕೂರ್ತಾರೆ. ಬೇಕಾ ಅದು?” ಆಮೇಲೆ ದುಭಾಷಿಯ ಕಡೆ ತಿರುಗಿ ದನಿ ತಗ್ಗಿಸಿದ. “ಆ ಕಬ್ಬಿಣದ ಬಾಗಿಲುಗಳನ್ನ ಲಾರಿಗೆ ಏರಿಸ್ಬೇಡಿ ಅಂತ ಹೇಳಪ್ಪ. ನಮಗೆ ಬೇಕಾಗ್ತವೆ.”

ಕೂಲಿ ಹೆಂಗಸರು ತಡಕವ್ವನ ಮುಖ ನೋಡಿದರು. ಅವರನ್ನು ದಿನಾ ಬೆತ್ತಲೆ ಮಾಡಿದಷ್ಟು ಹತ್ತಿರದಿಂದ ಬಲ್ಲವಳು. ಇವತ್ತು ಮಾತ್ರ ಅವರೆದುರು ಅವಳೇ ಬೆತ್ತಲೆ ನಿಂತಂತಿತ್ತು. ದಂಡಿನವರು ಹೋಗಲಿ ಎಂದು ಅವಳೂ ಹಗಲಿರುಳು ಬೇಡಿಕೊಂಡಿದ್ದಳು. ಹೋದರೆ ತಾನು ತಡಕುವುದಾದರೂ ತಪ್ಪೀತು ಎಂದು. ಹೋಗುವುದೆಂದರೆ ಹೀಗೆ ಎಂದು ಅವಳಿಗೆ ಹೊಳೆದಿರಲಿಲ್ಲ. ತಿರುಗಿ ಗೇಟಿಗೆ ನಡೆದಳು.

ತಡಕವ್ವ ತಡಕಿ ಕತ್ತು ಆಡಿಸಿದರೆ ಒಳಗೆ ಬಿಡಬಹುದೆಂಬುದೇ ಅಲ್ಲಿಯ ಕಾನೂನು. ಅವಳು ಗೋಡೆಯ ಬುಡಕ್ಕೆ ಹೋದಳು.

“ಏಳು ಅತ್ತಿಗೆ.”

ಅತ್ತಿಗೆ ಎದ್ದಳು. ಎದ್ದವಳೇ ರೂಢಿಯಂತೆ ಎರಡೂ ಕೈ ಮೇಲೆತ್ತಿ ನಿಂತಳು.

“ಇಳಿಸು. ನಿನ್ ಕೈ ಇಳಿಸು. ಹಿತ್ತಲಲ್ಲಿ ಇದ್ದಾರೆ. ಎಲ್ರೂ ಬನ್ನಿ.”

ಯಾರನ್ನೂ ಮುಟ್ಟದೆ ಸಿಪಾಯಿಯ ಕಡೆ ಕತ್ತು ಆಡಿಸಿದಳು. ಸರಕು ಲೆಕ್ಕ ಹಾಕುವ ಗಡಿಬಿಡಿಯಲ್ಲಿದ್ದ ಅವನು ಅಡ್ಡಗಂಬ ಎತ್ತಿದ. ಹೆಂಗಸರು ನುಗ್ಗಿದರು. ಸಿಪಾಯಿ ಕೂಗಿಕೊಳ್ಳುವಷ್ಟರಲ್ಲಿ ಅವರು ಕೊನೆಯ ಕೋಣೆ ದಾಟಿಯಾಗಿತ್ತು.

ಅತ್ತಿಗೆ ಗುದ್ದಲಿ ತೆರೆದಿದ್ದ ಗುಂಡಿಗೆ ಇಳಿದು ಬರಿಗೈಯಲ್ಲಿ ಮಣ್ಣು ಬಗೆಯತೊಡಗಿದಳು. ತಡಕವ್ವನೂ ಕಾಲಿಟ್ಟಳು.

“ನೀನ್ ಮುಟ್ಬೇಡ,” ಎಂದಳು ಅತ್ತಿಗೆ, ತಿರುಗಿಯೂ ನೋಡದೆ. “ನೀನ್ ಮುಟ್ಟಿದ್ದು ಸಾಕು.”

ತಡಕವ್ವ ಹಿಂದೆ ಸರಿದಳು. ಗುಂಡಿಗೂ ಕಾಂಕ್ರೀಟಿನ ಗಾಡಿಗೂ ನಡುವೆ, ಕಾಂಕ್ರೀಟು ಜಾರಿ ಬೀಳುವ ತಗಡಿನ ದೋಣಿಯ ಬಾಯಿಗೆ ಸರಿಯಾಗಿ, ಬೆನ್ನು ಕೊಟ್ಟು ನಿಂತಳು.

“ಲಾರಿ ಹತ್ತು ಬಾರೇ, ಹುಚ್ಚಿ!” ದುಭಾಷಿ ಅಳುವಂತೆ ಕೂಗಿದ. “ಅವ್ರು ಹೋದ್ಮೇಲೆ ಇವ್ರು ನಿನ್ನ ಬಿಡ್ತಾರಾ?”

“ಬಿಡ್ಬಾರ್ದು,” ಎಂದಳು ತಡಕವ್ವ.

ಅಧಿಕಾರಿ ಸಾಹೇಬನಿಗೆ ಏನೋ ಅಂದ. ದುಭಾಷಿ ತೊದಲಿದ: “ಬೀಗದಕೈ ಆಗ್ಲೇ ಕೊಟ್ಟಾಯ್ತು, ಇದೆಲ್ಲ ಈಗ ನಿಮ್ದು ಅಂತಾರೆ.” ಸಾಹೇಬ ಕೆಂಡವಾದ. “ಬಾವುಟ ಇಳಿಯೋತನಕ ನಿಮ್ದೇ ಅನ್ನು, ಬೋಳೀಮಗನೇ!” ಅವರಿಬ್ಬರ ನಡುವೆ ಮಾತು ಬೆಳೆಯಿತು. ನಡುವಿನವನು ಎರಡೂ ಕಡೆಯ ಬೈಗುಳ ತಿಂದ. ಕೊನೆಗೆ ಸಾಹೇಬ ಗಾಡಿಯವನ ಕೊರಳಪಟ್ಟಿ ಹಿಡಿದು, “ಸುರಿಯೋ!” ಎಂದು ಅಬ್ಬರಿಸಿದ.

ಗಾಡಿಯವನು ಕಣ್ಣು ಮುಚ್ಚಿಕೊಂಡು ಹಿಡಿಕೆ ಎಳೆದ. ಬೂದುಬಣ್ಣದ ಗಂಜಿ ತಡಕವ್ವನ ಬೆನ್ನಿಗೆ ಬಡಿದು, ಕಾಲಿಗಿಳಿದು, ಪಾದ ಮುಚ್ಚಿ ಸುತ್ತ ಹರಡಿತು. ಅವಳು ಮುಗ್ಗರಿಸಿದಳು, ಬೀಳಲಿಲ್ಲ. ಗಾಡಿಯವನು ಹಿಡಿಕೆ ಬಿಟ್ಟು ಓಡಿಹೋದ.

ಗುಂಡಿಯಲ್ಲಿ ಅತ್ತಿಗೆ ಒಂದು ಅಂಗಿಯ ಮಣ್ಣು ಕೊಡವಿ, ಹೊಲಿಗೆಯನ್ನು ಬೆರಳಲ್ಲಿ ಸವರಿ, ಪಕ್ಕಕ್ಕಿಟ್ಟಳು.

“ನಮ್ಮೋನಲ್ಲ,” ಎಂದಳು. ಆಮೇಲೆ ಅಂಗಿಯನ್ನು ಮತ್ತೆ ಎತ್ತಿ ಮೇಲಿದ್ದವರಿಗೆಲ್ಲ ಕಾಣುವಂತೆ ಹಿಡಿದಳು. “ಹಸಿರು ಗೆರೆ ಅಂಗಿ. ಎಡಗಡೆ ಜೇಬು. ಯಾರ ಮಗ, ಬನ್ರೇ.”