ಎರಡೂರಿನ ನವಿಲು

ಸೂಜಿ ನವಿಲಿನ ಕೊರಳಿಗೆ ಬಂದಿತ್ತು. ಅಷ್ಟರಲ್ಲಿ ಕೇಶರಬಾಯಿ ಕಾಗದದ ಮೇಲೆ ಅಂಗೈ ಇಟ್ಟುಬಿಟ್ಟಳು.

"ನಿಲ್ಲು. ಕತ್ತು ಹಿಂದಕ್ಕ ಹೊಳ್ಳಬೇಕು."

ಸುಗಂಧಾ ಸೂಜಿ ಎತ್ತಿ ಹಿಡಿದು ಹಾಗೇ ಕುಳಿತಳು. ಮಡಿಚಿದ ಕಂಬಳಿಯ ಮೇಲೆ ಹಾಸಿದ ತೆಳುಕಾಗದದಲ್ಲಿ ಬಾಲದ ಕಣ್ಣುಗಳೆಲ್ಲ ಚುಚ್ಚಿ ಮುಗಿದಿದ್ದವು, ಒಂದೊಂದು ಕಣ್ಣಿಗೆ ನಲವತ್ತು ತೂತು. ಬೆಳಗಿನಿಂದ ಬೆನ್ನು ನೆಟ್ಟಗೆ ಮಾಡಿರಲಿಲ್ಲ.

"ಕೇಶರಕ್ಕ, ಹೋದ ವಾರ ಕತ್ತು ಮುಂದಕ್ಕಿರಲಿ ಅಂದೋರು ನೀವೇ."

"ಅಂದಿದ್ದೆ. ಈಗ ಹೊಳ್ಳಲಿ ಅನ್ನಾಕತ್ತೇನಿ."

"ಅದಕ್ಕೂ ಮೊದಲ ಬಾಯಾಗಿನ ದ್ರಾಕ್ಷಿ ಗೊಂಚಲ ಬ್ಯಾಡ ಅಂದ್ರಿ, ತೆಗೆದೆ. ಬಾಲ ಬಿಚ್ಚಬ್ಯಾಡ, ಇಳಿಬಿಡು ಅಂದ್ರಿ, ಬಿಟ್ಟೆ. ಕೆಳಗ ಬಳ್ಳಿ ಬೇಕಂದ್ರಿ, ಹಾಕಿದೆ."

"ಅದಕ್ಕೇ ನಿನ್ನ ಕಡೆ ಬರೋದು. ಹೇಳಿದಂಗ ಮಾಡತಿ." ಕೇಶರಬಾಯಿ ಗೋಡೆಗೆ ಒರಗಿ ಎಲೆಯಡಿಕೆಯ ಚೀಲ ಬಿಚ್ಚಿದಳು. "ನನ್ನ ಕಣ್ಣಾಗ ಒಂದು ನವಿಲು ಕುಂತದ. ಎಲ್ಲಿ ನೋಡೇನಿ ಅಂತ ನೆನಪಿಲ್ಲ. ಅದು ಕಾಗದದ ಮ್ಯಾಲ ಬರೋತನಕ ನಾ ಬಿಡಂಗಿಲ್ಲ."

ಎಲ್ಲಿ ನೋಡಿದ್ದಾಳೆಂಬುದು ಸುಗಂಧಾಳಿಗೆ ಗೊತ್ತಿತ್ತು. ಹುಮನಾಬಾದಿನ ಗಯಾಬಾಯಿಯ ಮನೆಯಲ್ಲಿ. ಶ್ರಾವಣದಲ್ಲಿ ಅವಳ ಮಗಳು ಕಮಳಾಳ ದಿಂಬಿನ ಚೀಲಕ್ಕೆ ಸುಗಂಧಾಳೇ ಬರೆದುಕೊಟ್ಟಿದ್ದ ನವಿಲು ಅದು: ಇಳಿಬಿಟ್ಟ ಬಾಲ, ಕೆಳಗೆ ಬಳ್ಳಿ, ಹಿಂದಕ್ಕೆ ಹೊರಳಿದ ಕತ್ತು. ಕೇಶರಬಾಯಿ ಅದೇ ಓಣಿಗೆ ಯಾರದೋ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ಹೋಗಿ, ಗಯಾಬಾಯಿಯ ಮನೆಯಲ್ಲಿ ಚಹಾ ಕುಡಿದು ಬಂದಿದ್ದಳು. ಚಹಾ ಮರೆತಿತ್ತು, ಮನೆ ಮರೆತಿತ್ತು, ನವಿಲೊಂದು ಉಳಿದಿತ್ತು. ಬೇರೆಯಾಗಿಯೇ ಇರಲಿ ಎಂದು ಸುಗಂಧಾ ಬೇಕೆಂದೇ ಕೊಟ್ಟಿದ್ದ ಬಿಚ್ಚಿದ ಬಾಲ, ದ್ರಾಕ್ಷಿ ಗೊಂಚಲು ಎಲ್ಲವನ್ನೂ ವಾರಕ್ಕೊಂದರಂತೆ ಕಿತ್ತುಹಾಕಿ, ಈ ಹೆಂಗಸು ಮೂಲ ನವಿಲಿನ ಹತ್ತಿರ ಹತ್ತಿರ ಬರುತ್ತಿದ್ದಳು. ಇನ್ನು ಕತ್ತೊಂದೇ ಬಾಕಿ.

"ಈ ಕತ್ತೇ ಚಂದ ಅದ, ಅಕ್ಕ. ಹೊಳ್ಳಿಸಿದ್ರ ಕೆಡತದ."

"ದಿಂಬು ಯಾರದು? ನಿಂದೋ ನಂದೋ?"

ಇಂಥ ನವಿಲು ಹುಮನಾಬಾದಿನಲ್ಲಿ ಒಂದಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತನ್ನು ಹೇಳುವಂತಿರಲಿಲ್ಲ.

ಸುಗಂಧಾಳ ಕೆಲಸಕ್ಕೆ ಬಸವಕಲ್ಯಾಣದಲ್ಲಿ ಖಾಕಾ ಹಾಕುವುದು ಎನ್ನುತ್ತಿದ್ದರು. ತೆಳುಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯಿಂದ ಒರೆಸಿದರೆ ಚಿತ್ರ ಚುಕ್ಕಿ ಚುಕ್ಕಿಯಾಗಿ ಬಟ್ಟೆಗೆ ಇಳಿಯುತ್ತದೆ. ಚುಕ್ಕಿಗಳ ಮೇಲೆ ರೇಷ್ಮೆ ದಾರ ಓಡಿಸುವುದು ಹುಡುಗಿಯ ಪಾಲು. ಗಂಡಿನ ಕಡೆಯವರು ನೋಡಲು ಬಂದಾಗ, ಉಪ್ಪಿಟ್ಟು ಚಹಾ ಆದಮೇಲೆ, ಒಳಗಿನಿಂದ ದಿಂಬಿನ ಚೀಲ, ಬಾಗಿಲ ಪರದೆ, ಮೇಜಿನ ಹಾಸು ಹೊರಬರುತ್ತವೆ. ಎಲ್ಲ ನಮ್ಮ ಹುಡುಗಿಯದೇ ಕೈಕೆಲಸ, ಸ್ವತಃ ಬರೆದದ್ದು, ಸ್ವತಃ ಕಸೂತಿ ಹಾಕಿದ್ದು ಎಂದು ತಾಯಿ ಹೇಳುತ್ತಾಳೆ. ಅಂದಮೇಲೆ ಬರೆಯುವವಳು ಬೇರೆ ಒಬ್ಬಳಿದ್ದಾಳೆ ಎಂಬುದು ಯಾರ ಬಾಯಲ್ಲೂ ಬರಕೂಡದು. ಎರಡೂರಿನಲ್ಲಿ ಸುಗಂಧಾಳಿಗೆ ಇನ್ನೂರು ಗಿರಾಕಿ, ಎರಡೂರಿನಲ್ಲೂ ಸುಗಂಧಾ ಇಲ್ಲ.

ಗಿರಾಕಿಗಳು ಹಿತ್ತಲ ಬಾಗಿಲಿಗೆ ಬರುತ್ತಿದ್ದರು, ಕೈಯಲ್ಲೊಂದು ಬಟ್ಟಲು ಹಿಡಿದು, ಹೆಪ್ಪು ಕೇಳುವ ನೆಪದಲ್ಲಿ. ಬಟ್ಟಲ ಕೆಳಗೆ ಮಡಿಚಿದ ಬಟ್ಟೆ. ಸುಗಂಧಾಳ ಮನೆಯ ಮೊಸರು ಅಷ್ಟು ಚೆನ್ನಾಗಿರಬೇಕೆಂದು ಓಣಿಯ ಗಂಡಸರು ನಂಬಿದ್ದರು. ಮನೆಯ ಮುಂದೆ ಮಾತ್ರ ಕೆಂಪಕ್ಷರದ ಬೋರ್ಡು ಇತ್ತು: ತುಳಜಾರಾಮ ಸೈಕಲ್ ಮಾರ್ಟ್. ತುಳಜಾರಾಮ ಅವಳ ಗಂಡ. ದಿನಕ್ಕೆ ಮೂರು ಪಂಕ್ಚರ್ ಹಾಕುತ್ತಿದ್ದ. ಎರಡು ವರ್ಷದಿಂದ ಮನೆ ನಡೆಯುತ್ತಿದ್ದುದು ನವಿಲು, ಗಿಳಿ, ಕಮಲಗಳಿಂದ. ಹೆಸರು ಮಾತ್ರ ಸೈಕಲ್ಲಿನದು.

ಕೆಲಸ ಬೆಳೆದದ್ದೂ ಹಾಗೇ ಕದ್ದುಮುಚ್ಚಿ. ಮೊದಲ ನಾಲ್ಕು ವರ್ಷ ಕಲ್ಯಾಣದೊಂದೇ ಊರು. ಆಮೇಲೆ ಕಲ್ಯಾಣದಲ್ಲಿ ಹಳತಾದದ್ದು ಹುಮನಾಬಾದಿನಲ್ಲಿ ಹೊಸದಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಎರಡು ತಗಡಿನ ಪೆಟ್ಟಿಗೆ ಮಾಡಿದಳು, ಊರಿಗೊಂದು. ಪ್ರತಿ ಮಂಗಳವಾರ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಬಳೆ ಅಂಗಡಿ ಲತೀಫಾಳ ಹಿಂದಿನ ಕತ್ತಲೆ ಕೋಣೆಯಲ್ಲಿ ಸಂಜೆವರೆಗೆ ಕೂರುತ್ತಿದ್ದಳು. ಬಳೆ ಇಡಿಸಿಕೊಳ್ಳಲು ಬಂದವರು ಹಿಂದಕ್ಕೆ ಸರಿದು ಬರುತ್ತಿದ್ದರು.

ಅವಳಿಗೆ ಬೇಕಿದ್ದದ್ದು ಒಂದೇ. ಹುಮನಾಬಾದಿನ ಗಂಜಿನ, ಅಂದರೆ ಕಾಳಿನ ಪೇಟೆಯ ರಸ್ತೆಯಲ್ಲಿ, ಬೆಳಕು ಬರುವ ಒಂದು ಖೋಲಿ, ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು. ರಾಜ್ಯಕ್ಕೆ ಹೊಸ ಹೆಸರು ಬಂದು ವರ್ಷವಾಗಿತ್ತು, ಕಚೇರಿಗಳ ಬೋರ್ಡೆಲ್ಲ ಬಳಿದು ಹೊಸದಾಗಿ ಬರೆಯುತ್ತಿದ್ದರು. ತಾಲೂಕು ಕಚೇರಿಯ ಕಕ್ಕಸಿಗೂ ಬೋರ್ಡಿತ್ತು.

"ಬೋರ್ಡು ಹಾಕಿದ್ರ ಗುಟ್ಟಿನ ಗಿರಾಕಿ ಹೋಗತಾರ," ಎಂದಿದ್ದ ತುಳಜಾರಾಮ.

"ಹೋಗಲಿ. ಟೇಲರ್ ಅದಾರ, ಬಟ್ಟಿ ಅಂಗಡಿಯೋರು ಅದಾರ, ಕೂಸಿನ ಕುಂಚಿಗಿಗಿ ಬರೋರು ಅದಾರ. ಎದರಾ ಎದರು ಬಂದು, ಇದು ಬರದುಕೊಡು ಅನ್ನೋರು ನಾಕು ಮಂದಿ ಸಾಕು."

ಗಂಜಿನಲ್ಲಿ ಖೋಲಿಗಳು ಕಾಳಿನ ದಲಾಲಿ ಮಾಡುವ ಅಡತಿ ಸಾಹುಕಾರರ ಕೈಯಲ್ಲಿದ್ದವು. ಹೆಂಗಸಿಗೆ, ಅದೂ ಏನೋ ಗೀಚುವ ಹೆಂಗಸಿಗೆ, ಯಾರೂ ಕೊಟ್ಟಿರಲಿಲ್ಲ. ಮೂರು ಕಡೆ ಕೇಳಿದ್ದಳು. ಒಬ್ಬ ಸಾಹುಕಾರ, ನಿನ್ನ ಗಂಡನ್ನ ಕಳಿಸು, ಸೈಕಲ್ ಅಂಗಡಿ ಹಾಕೋದಿದ್ರ ನೋಡೋಣ ಎಂದಿದ್ದ.

ಕೊನೆಗೆ ಕೇಶರಬಾಯಿಯ ನವಿಲು ಕತ್ತು ಹೊರಳಿಸಿತು. "ಹಾಂ, ಇದು," ಎಂದು ಅವಳು ಕಾಗದವನ್ನು ದೂರ ಹಿಡಿದು ನೋಡಿದಳು. "ಮೊದಲೇ ಹಿಂಗ ಬರದಿದ್ರ ನನಗೂ ತ್ರಾಸ ಇರತಿರಲಿಲ್ಲ, ನಿನಗೂ." ಬಟ್ಟೆಗೆ ಇಳಿಸಿದ್ದನ್ನು ಕೊಡಲು ಹೋದ ದಿನ ಮಗಳು ಶಶಿಕಲಾ ಕಟ್ಟೆಯ ಮೇಲೆ ಕಾಲು ಚಾಚಿ ವಾರಪತ್ರಿಕೆ ಓದುತ್ತಿದ್ದಳು. ಕೇಶರಬಾಯಿ ಬಟ್ಟೆಯನ್ನು ಅವಳ ಕೈಗೆ ಕೊಡಲಿಲ್ಲ, ಒಳಗೆ ಒಲೆಯ ಮುಂದಿದ್ದ ನಾದಿನಿಗೆ ಕೊಟ್ಟಳು.

"ಸೂಜಿ ಕಂಡ್ರ ನನಗ ನಿದ್ದಿ ಬರತದ, ಸುಗಂಧಕ್ಕ," ಎಂದು ಹುಡುಗಿ ಪುಟ ತಿರುವಿದಳು.

ಇಪ್ಪತ್ತು ದಿನ ಕಳೆದು ಕೇಶರಬಾಯಿ ಮತ್ತೆ ಹಿತ್ತಲ ಬಾಗಿಲಿಗೆ ಬಂದಳು. ಈ ಸಲ ಕೈಯಲ್ಲಿ ಬಟ್ಟಲಿರಲಿಲ್ಲ.

"ನನ್ನ ನವಿಲು ಹುಮನಾಬಾದಿಗಿ ಹ್ಯಾಂಗ ಹಾರಿತು?"

ಹುಮನಾಬಾದಿನ ಅಡತಿ ಅಂಗಡಿ ಸಂಗಪ್ಪನ ಹೆಂಡತಿ ಸರುಬಾಯಿ ಮಗನಿಗೆ ಹೆಣ್ಣು ನೋಡುತ್ತಿದ್ದಳು. ಕಲ್ಯಾಣಕ್ಕೆ ಬಂದು ಶಶಿಕಲಾಳನ್ನು ನೋಡಿ, ದಿಂಬಿನ ಚೀಲವನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಂಡು ಹೋಗಿದ್ದಳು. ಎಂಟು ದಿನದ ಮೇಲೆ ತನ್ನ ಊರಲ್ಲೇ ಗಯಾಬಾಯಿಯ ಕಮಳಾಳನ್ನು ನೋಡಲು ಹೋದಾಗ, ಅಲ್ಲಿಯೂ ಅದೇ ದಿಂಬು ಹೊರಬಂದಿತ್ತು.

"ಹೇಳು. ಎಷ್ಟು ಮಂದಿಗಿ ಹಂಚೀದಿ?"

"ನಾ ಹಂಚಿಲ್ಲ, ಅಕ್ಕ. ನಾ ಕೊಟ್ಟ ನವಿಲಿನ ಕತ್ತು ಮುಂದಿತ್ತು. ಬಾಯಾಗ ದ್ರಾಕ್ಷಿ ಇತ್ತು."

"ಅಂದ್ರ ತಪ್ಪು ನಂದು?"

ಹೌದು ಎನ್ನಬೇಕೆಂದು ಬಾಯಿ ತೆರೆದಳು. ಹಾಗೆಂದರೆ ಗಯಾಬಾಯಿ ಮೊದಲು ಬಂದಿದ್ದಳೆಂದು ಹೇಳಿದಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಕೇಶರಬಾಯಿ ಅದನ್ನು ತಪ್ಪೊಪ್ಪಿಗೆ ಎಂದು ತಿಳಿದಳು. ಕಲ್ಯಾಣದಲ್ಲಿ ಇನ್ನು ಒಬ್ಬರೂ ಅವಳ ಬಾಗಿಲಿಗೆ ಹೆಪ್ಪಿಗೆ ಬರದಂತೆ ನೋಡಿಕೊಳ್ಳುತ್ತೇನೆಂದು ಹೇಳಿ ಹೋದಳು. ಹೇಳಿದಂತೆ ಮಾಡಿದಳು ಕೂಡ. ಆ ವಾರ ಮನೆಯಲ್ಲಿ ಮೊಸರು ಮಿಕ್ಕಿ ಹುಳಿಯಾಯಿತು. ತುಳಜಾರಾಮ ಮಜ್ಜಿಗೆ ಕುಡಿದೂ ಕುಡಿದೂ, "ಒಂದು ಕಾಗೆ ಬರದುಕೊಟ್ಟಿದ್ರ ಈ ಪಂಚಾಯಿತಿನೇ ಇರತಿರಲಿಲ್ಲ," ಎಂದ.

"ಕಾಗಿಗೂ ಕತ್ತು ಹೊಳ್ಳಿಸು ಅಂತಿದ್ಲು," ಎಂದಳು ಸುಗಂಧಾ.

ಮಂಗಳವಾರ ಹುಮನಾಬಾದಿನಲ್ಲಿ ಬಸ್ಸಿಳಿದು ಬಳೆ ಅಂಗಡಿಗೆ ಬಂದರೆ, ಲತೀಫಾ ಒಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸಿದಳು.

"ಸರುಬಾಯಿ ಕರದಾರ. ಸೀದಾ ಹೋಗು."

"ನನ್ನ ಹೆಸರು ಅವರಿಗಿ ಯಾರು ಹೇಳಿದ್ರು?"

"ನಾ ಹೆಸರು ಹೇಳಿಲ್ಲ, ಕಸಮ್. ಬಟ್ಟಿ ಮ್ಯಾಲ ನೀಲಿ ಚುಕ್ಕಿ ಉಳದಾವಂತ, ಸೀಮೆಎಣ್ಣಿ ವಾಸನಿ ಬರತದಂತ. ನೀಲಿ ಬೆರಳಿನ ಹೆಂಗಸು ಯಾರರ ಬಳಿ ಇಡಿಸಾಕ ಬರತಾಳೇನು ಅಂತ ಕೇಳಿದ್ರು. ಬರತಾಳ, ಮಂಗಳವಾರ, ಅಂದೆ. ಅಷ್ಟೇ."

"ಅಷ್ಟೇ ಸಾಕಲ್ಲ."

"ಮತ್ತೇನು, ನಾ ಕುರುಡಿ ಅಂತ ಹೇಳಲಾ?"

ಸರುಬಾಯಿಯ ಮನೆ ಗಂಜಿನ ರಸ್ತೆಯಲ್ಲೇ ಇತ್ತು, ಹೊರಗೆ ತೊಗರಿಯ ಚೀಲಗಳ ಸಾಲು. ಪಡಸಾಲೆಯಲ್ಲಿ ಸರುಬಾಯಿ ಅವಳಿಗೆ ಮಂಚದ ಮೇಲೇ ಜಾಗ ತೋರಿಸಿದಳು. ಹಾಗೆ ಕೂರಿಸುವವರು ಕಡಿಮೆ. ಸುಗಂಧಾ ಕುಳಿತು ಪಕ್ಕದ ದಿಂಬನ್ನು ಸರಿಸಹೋದಳು. ಅದರ ಮೇಲೆ ಕಮಲವಿತ್ತು. ಒಂದು ಎಸಳು ಉಳಿದವಕ್ಕಿಂತ ತುಸು ಗಿಡ್ಡ. ಐದು ವರ್ಷದ ಹಿಂದೆ ಚುಚ್ಚುವಾಗ ತನ್ನದೇ ಸೂಜಿ ಜಾರಿ ಗಿಡ್ಡವಾದ ಎಸಳು.

"ನಮ್ಮ ದೊಡ್ಡ ಮಗಳು ಮಾಡಿದ್ದು," ಎಂದಳು ಸರುಬಾಯಿ. "ಘಾಟಬೋರಾಳಕ್ಕ ಕೊಟ್ಟೀವಿ. ಮದಿವಿಗಿ ಮೊದಲು ತಾನೇ ಬರದು, ತಾನೇ ಕಸೂತಿ ಹಾಕಿದ್ಲು. ನಮ್ಮ ಮನ್ಯಾಗ ಕೂಲಿ ಕೈ ಇಲ್ಲವ್ವ. ಅದಕ್ಕೇ ನನಗ ಸುಳ್ಳು ಕಂಡ್ರ ಆಗಂಗಿಲ್ಲ."

ಬಳೆ ಅಂಗಡಿಯ ಹಿಂದೆ, ನಮ್ಮವ್ವಗ ಮಾಲೂಮ ಆಗಬಾರದು ಅಕ್ಕ ಎಂದು ನಾಲ್ಕು ಸಲ ಹೇಳಿದ್ದ ಹುಡುಗಿಯ ಮುಖ ಸುಗಂಧಾಳಿಗೆ ನೆನಪಾಯಿತು.

"ಚಂದ ಅದರಿ," ಎಂದಳು.

ಸರುಬಾಯಿ ಒಳಗಿನಿಂದ ಎರಡು ದಿಂಬಿನ ಚೀಲ ತಂದು ಮಂಚದ ಮೇಲೆ ಪಕ್ಕ ಪಕ್ಕ ಹಾಸಿದಳು. ಮಗನಿಗೆ ತೋರಿಸಬೇಕೆಂದು ಎರಡೂ ಮನೆಯಿಂದ ಕೇಳಿ ತರಿಸಿದ್ದಳು. ಎರಡು ನವಿಲುಗಳು ಒಂದೇ ಕತ್ತು ಹೊರಳಿಸಿ ಒಂದೇ ಕಡೆ ನೋಡುತ್ತಿದ್ದವು.

"ಕಲ್ಯಾಣದಾಕಿ ಅಂತಾಳ, ನಮ್ಮ ಹುಡುಗಿದು ನೋಡಿ ಅವರು ಕದ್ದಾರ. ಗಯಾಬಾಯಿ ಅಂತಾಳ, ಅವರೇ ನಮ್ಮ ಮನ್ಯಾಗ ಚಹಾ ಕುಡದು ಕದ್ದು ಹೋಗ್ಯಾರ. ಎರಡೂ ಬರದಾಕಿ ನೀನು. ಅದನ್ನ ಕೇಳಂಗಿಲ್ಲ, ನಿನ್ನ ಬೆರಳೇ ಹೇಳತಾವ. ಬರೆಸಿದ್ದು ನಾ ಮಾಫ್ ಮಾಡತೇನಿ, ಎಲ್ಲಾರೂ ಬರೆಸತಾರ. ದಾರ ಹಾಕಿದ್ದಾದ್ರೂ ಹುಡುಗಿಯ ಕೈಯೇ ಇರಬೇಕಲ್ಲ? ಒಂದು ಮನಿ ಅದರಾಗೂ ಸುಳ್ಳು ಹೇಳಾಕತ್ತದ ಅಂತ ನನಗ ಅನುಮಾನ. ನೀ ಮನಿ ಒಳಗ ಹೋಗಿ ಬರೋಳು, ನಿನಗ ಗೊತ್ತದ. ಯಾವ ಮನಿ ಅಷ್ಟು ಹೇಳು."

ಸುಗಂಧಾಳಿಗೆ ಗೊತ್ತಿತ್ತು. ಹೇಳಿದರೆ ನಿಜವನ್ನೇ ಹೇಳಿದಂತೆ. ಶಶಿಕಲಾಳ ನವಿಲಿಗೆ ದಾರ ಹಾಕಿದ್ದು ಕೇಶರಬಾಯಿಯ ನಾದಿನಿ. ಕಮಳಾಳ ಹೊಲಿಗೆಯ ಒಂದೊಂದು ಟಾಕೆಯೂ ಅಕ್ಕಿಕಾಳು ಇಟ್ಟಂತಿತ್ತು, ಅವಳ ಬೆರಳ ತುದಿ ಸೂಜಿಯಿಂದ ಒರಟಾಗಿದ್ದನ್ನು ಕಣ್ಣಾರೆ ಕಂಡಿದ್ದಳು. ಕೇಶರಬಾಯಿಯ ಮೇಲೆ ಯಾವ ಕರುಣೆಯೂ ಉಳಿದಿರಲಿಲ್ಲ. ಆ ಹೆಂಗಸಿನ ನಾಲಿಗೆಯಿಂದ ಒಂದು ಊರಿನ ಗಿರಾಕಿ ಹೋಗಿತ್ತು.

"ಸುಮ್ಮನ ಹೇಳು ಅನ್ನಂಗಿಲ್ಲ," ಎಂದು ಸರುಬಾಯಿ ಕಿಟಕಿಯ ಆಚೆ ಕೈ ತೋರಿಸಿದಳು. "ಅಂಗಡಿ ಬಾಜೂಕ ಖೋಲಿ ಖಾಲಿ ಅದ, ನೋಡು. ಗಾಳಿ ಬೆಳಕು ಎಲ್ಲ ಅದ. ನೀ ಖೋಲಿ ಹುಡುಕಾಕತ್ತೀದಿ ಅಂತ ನಮ್ಮ ಮನಿಯವರು ಅಂದ್ರು. ಅವತ್ತ ಇಲ್ಲ ಅಂದೋರು ಅವರೇ. ಇವತ್ತ ನಾ ಕೊಡಸತೇನಿ. ಬೋರ್ಡು ಬರಸೋಣ, ನಿನ್ನ ಹೆಸರಲೇ, ಗಂಡನ ಹೆಸರು ಬ್ಯಾಡ. ಹಳ್ಳಿಖೇಡ, ಘಾಟಬೋರಾಳ, ನಮ್ಮ ಬೀಗರ ಮನಿ ಎಷ್ಟವ ಅಷ್ಟೂ ಮನಿ ಕೆಲಸ ನಿನಗೇ ಬರಂಗ ಮಾಡತೇನಿ. ಒಂದು ಹೆಸರು ಸಾಕು ನನಗ. ಮುಂದ ಯಾರರ ಹೆಣ್ಣು ತೋರಸಿದ್ರ ಅವಾಗೂ ನಿನ್ನ ಒಂದು ಮಾತು ಕೇಳತೇನಿ, ಅಷ್ಟೇ."

ಸುಗಂಧಾ ಕಿಟಕಿಯಿಂದ ನೋಡಿದಳು. ಖೋಲಿಯ ಬಾಗಿಲು ತೆರೆದಿತ್ತು. ಬೆಳಕು ಹಿಂದಿನ ಗೋಡೆಯವರೆಗೆ ಹೋಗಿತ್ತು. ಕಂಬಳಿ ಎಲ್ಲಿ ಹಾಸಬೇಕು, ಪೆಟ್ಟಿಗೆಗಳನ್ನು ಎಲ್ಲಿಡಬೇಕು ಎಂಬುದನ್ನು ಕಣ್ಣು ತಾನಾಗಿ ನೋಡಿಕೊಂಡುಬಿಟ್ಟಿತು. ಹನ್ನೊಂದು ವರ್ಷ ಇನ್ನೂರು ಹೆಂಗಸರು ಅವಳ ಹೆಸರು ನುಂಗಿ ಕುಳಿತಿದ್ದರು. ಆ ಹೆಂಗಸರ ಮೇಲೆ ಅವಳಿಗೆ ಸಿಟ್ಟಿತ್ತು, ದಿನವೂ ಇತ್ತು, ಈಗಲೂ ಇತ್ತು. ಒಬ್ಬೊಬ್ಬರ ಹುಳುಕೂ ಗೊತ್ತಿತ್ತು. ಈ ಮಂಚದ ಮೇಲಿನ ಕಮಲದ್ದೂ.

"ಯಾವ ಮನಿ?" ಎಂದಳು ಸರುಬಾಯಿ. "ಬಾಯಿಂದ ಹೇಳಾಕ ಹಿಂಜರಕಿ ಇದ್ರ ಬೆರಳು ಇಡು ಸಾಕು."

ಸುಗಂಧಾ ಎರಡೂ ಚೀಲಗಳನ್ನು ಮಡಿಚಿ ಒಂದರ ಮೇಲೊಂದಿಟ್ಟು ಅವಳ ಕಡೆಗೆ ಸರಿಸಿದಳು.

"ಹೇಳಂಗಿಲ್ಲರಿ."

"ಖೋಲಿ ಬ್ಯಾಡೇನು?"

"ಬೇಕಾಗಿತ್ತರಿ," ಎಂದು ಸುಗಂಧಾ ಮಂಚದಿಂದ ಇಳಿದಳು. "ನಿಮ್ಮದು ಬ್ಯಾಡ."